ನಮ್ಮ ಮೇಲೂ ಒಂಚೂರು ನಿಗಾ: ಆಸ್ಪತ್ರೆ ಸಿಬ್ಬಂದಿಗೆ ನಡೆದ ಎಂಟು ವಾರದ ಮೈಂಡ್‌ಫುಲ್‌ನೆಸ್ ಕೋರ್ಸ್ ಹೇಗಿತ್ತು?

ಮೈಸೂರಿನ ಒಂದು ಖಾಸಗಿ ಆಸ್ಪತ್ರೆಯ ಐಸಿಯುನಲ್ಲಿ ನಾನು ಸ್ಟಾಫ್ ನರ್ಸ್. ಹದಿನಾಲ್ಕು ವರ್ಷ ಆಯಿತು. ಹೋದ ಮಳೆಗಾಲದಲ್ಲಿ ನಮ್ಮಲ್ಲಿ ಸಿಬ್ಬಂದಿಗೆಂದೇ ಎಂಟು ವಾರದ ಮೈಂಡ್‌ಫುಲ್‌ನೆಸ್ ಕೋರ್ಸ್ ಇಟ್ಟಿದ್ದರು. ಈ ಗಳಿಗೆಯಲ್ಲಿ ಮೈಯಲ್ಲಿ, ಮನಸ್ಸಿನಲ್ಲಿ ಏನು ನಡೆಯುತ್ತಿದೆ ಅಂತ ಸುಮ್ಮನೆ ಗಮನಿಸುವ ಅಭ್ಯಾಸ ಅದು. ಪ್ರತಿ ಬುಧವಾರ ಮಧ್ಯಾಹ್ನ ಎರಡೂವರೆಯಿಂದ ಐದರವರೆಗೆ, ಫಿಸಿಯೋಥೆರಪಿ ಹಾಲ್‌ನಲ್ಲಿ. ಫೀಸ್ ಆಸ್ಪತ್ರೆಯೇ ಕಟ್ಟಿತು. ನಾನು ಒಂದು ಕ್ಲಾಸೂ ತಪ್ಪಿಸದೆ ಮುಗಿಸಿದೆ. ಆಗಿನಿಂದ ಬೇರೆ ಆಸ್ಪತ್ರೆಯ ಗೆಳತಿಯರು ಒಬ್ಬರಾದ ಮೇಲೆ ಒಬ್ಬರು ಫೋನ್ ಮಾಡಿ, "ಹೇಗಿತ್ತೇ? ನಿಜವಾಗ್ಲೂ ಉಪಯೋಗ ಆಗುತ್ತಾ?" ಅಂತ ಕೇಳುತ್ತಿದ್ದಾರೆ. ಫೋನ್‌ನಲ್ಲಿ ಹೇಳಿದ್ದು ಯಾವಾಗಲೂ ಅರ್ಧಂಬರ್ಧ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಆಸ್ಪತ್ರೆಯ ಹೆಸರಾಗಲಿ ಕಲಿಸಿದವರ ಹೆಸರಾಗಲಿ ಹಾಕುವುದಿಲ್ಲ. ಇದೇ ಕ್ರಮದ ಕೋರ್ಸ್ ಬೇರೆ ಕಡೆಯೂ ನಡೆಯುತ್ತದೆ, ನಿಮಗೆ ಬೇಕಾಗಿರುವುದು ಒಳಗೆ ಏನಿದೆ ಅನ್ನುವುದು.

ಸೇರಿದಾಗ ನನ್ನ ಸ್ಥಿತಿ ಹೇಗಿತ್ತು ಅಂತ ಮೊದಲು ಹೇಳಬೇಕು. ಡ್ಯೂಟಿ ಮುಗಿಸಿ ಪಾರ್ಕಿಂಗ್‌ಗೆ ಬಂದರೆ ಸ್ಕೂಟರ್ ಮೇಲೆ ಸುಮ್ನೆ ಕೂತುಬಿಡುತ್ತಿದ್ದೆ. ಕೀ ಹಾಕಿರುತ್ತಿದ್ದೆ, ಸ್ಟಾರ್ಟ್ ಮಾಡಲು ಮನಸ್ಸು ಬರುತ್ತಿರಲಿಲ್ಲ. ಹತ್ತು ನಿಮಿಷ, ಒಮ್ಮೊಮ್ಮೆ ಇಪ್ಪತ್ತು. ಮನೆಗೆ ಹೋದರೆ ಎಲ್ಲೋ ಇನ್‌ಫ್ಯೂಷನ್ ಪಂಪ್ (ಡ್ರಿಪ್ ಹರಿಸುವ ಯಂತ್ರ) ಅಲಾರಂ ಹೊಡೆದ ಹಾಗೆ ಕೇಳುತ್ತಿತ್ತು. ನೋಡಿದರೆ ಪಕ್ಕದ ಮನೆಯವರ ಕಾರ್ ರಿವರ್ಸ್ ತೆಗೆಯುವ ಸದ್ದು. ರೋಗಿಗಳು ನನಗೆ ಬೆಡ್ ನಂಬರ್ ಆಗಿಬಿಟ್ಟಿದ್ದರು. "ಏಳಕ್ಕೆ ಸಕ್ಷನ್ ಮಾಡಿ, ಒಂಬತ್ತು ಶಿಫ್ಟಿಂಗ್ ಇದೆ" ಅನ್ನುವುದು ಐಸಿಯುನಲ್ಲಿ ಎಲ್ಲರೂ ಆಡುವ ಮಾತೇ. ಆದರೆ ಒಂದು ದಿನ ಅಜ್ಜಿಯೊಬ್ಬರು ಮೂರನೇ ಸಲ ನೀರು ಕೇಳಿದರು. "ಒಂದ್ಸಲ ಹೇಳಿದ್ರೆ ಗೊತ್ತಾಗಲ್ವಾ ನಿಮಗೆ?" ಅಂದೆ. ಅವರು ಬಾಯಿ ಮುಚ್ಚಿ, ಹೊದಿಕೆಯನ್ನು ಗದ್ದದವರೆಗೆ ಎಳೆದುಕೊಂಡರು. ಆಮೇಲೆ ಆ ರಾತ್ರಿಯೆಲ್ಲ ಏನನ್ನೂ ಕೇಳಲಿಲ್ಲ. ಆ ಕೈ ಹೊದಿಕೆ ಎಳೆದುಕೊಂಡಿದ್ದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದೆ.

ಮೊದಲ ಕ್ಲಾಸಿನಲ್ಲಿ ಟೀಚರ್ ಬೋರ್ಡ್ ಮೇಲೆ ಬರ್ನ್‌ಔಟ್‌ನ ಮೂರು ಗುರುತು ಬರೆದರು. ಮೈಮನಸ್ಸಿನ ಶಕ್ತಿಯೆಲ್ಲ ಬಸಿದುಹೋಗುವುದು. ಕೆಲಸದಿಂದ, ಅಲ್ಲಿನ ಜನರಿಂದ ಮನಸ್ಸು ದೂರ ಸರಿಯುವುದು, ಎಲ್ಲದರ ಬಗ್ಗೆಯೂ ಕಹಿಯಾಗುವುದು. ನಾನು ಮಾಡುವುದರಿಂದ ಏನೂ ಆಗುತ್ತಿಲ್ಲ ಅನಿಸುವುದು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ತನ್ನ ರೋಗಗಳ ವರ್ಗೀಕರಣದ ಪಟ್ಟಿಯಲ್ಲಿ ಇದನ್ನು ಹೀಗೆ ವಿವರಿಸಿದೆಯಂತೆ. ಅಲ್ಲಿ ಇದನ್ನು ಕಾಯಿಲೆ ಅಂತ ಕರೆದಿಲ್ಲ. ಕೆಲಸದ ಜಾಗದ ಒತ್ತಡ ಬಹಳ ದಿನ ಹಾಗೇ ಉಳಿದು ಬರುವ ಸ್ಥಿತಿ ಅಂತ ಹೇಳಿದೆ. ನನಗೆ ಆ ಎರಡನೇ ಗುರುತಿನಲ್ಲಿ ಆ ಅಜ್ಜಿ ಕಾಣಿಸಿದರು. ನಾನು ಕೆಟ್ಟವಳಾಗಿಬಿಟ್ಟೆ ಅಂತ ಅಂದುಕೊಂಡು ತಿಂಗಳುಗಟ್ಟಲೆ ಒಳಗೇ ಇಟ್ಟುಕೊಂಡಿದ್ದೆ. ಅದಕ್ಕೊಂದು ಹೆಸರಿದೆ, ಬೇರೆಯವರಿಗೂ ಆಗುತ್ತದೆ ಅಂತ ಗೊತ್ತಾದಾಗಲೇ ಅರ್ಧ ಭಾರ ಇಳಿಯಿತು.

ಆಮೇಲೆ ಎಲ್ಲರ ಅಂಗೈಗೆ ಒಂದೊಂದು ಒಣದ್ರಾಕ್ಷಿ ಹಾಕಿದರು. ಇದು ಈ ಕೋರ್ಸಿನಲ್ಲಿ ಎಲ್ಲ ಕಡೆಯೂ ಮಾಡಿಸುವ ಮೊದಲ ಪಾಠ. ನೋಡಿ, ಮುಟ್ಟಿ, ಮೂಸಿ, ನಾಲಿಗೆ ಮೇಲಿಟ್ಟುಕೊಳ್ಳಿ, ನಿಧಾನಕ್ಕೆ ಅಗಿಯಿರಿ. ಒಂದು ದ್ರಾಕ್ಷಿಗೆ ಐದು ನಿಮಿಷ. ನಮ್ಮ ಪ್ಯಾಂಟ್ರಿಯಲ್ಲಿ ಇಡೀ ಊಟಕ್ಕೆ ಅಷ್ಟು ಸಮಯ ಸಿಗುವುದಿಲ್ಲ. ಮೊದಲಿಗೆ ಕಿರಿಕಿರಿಯಾಯಿತು. ಮನೆಗೆ ಬಂದಾಗ ಅತ್ತೆ ಡಬ್ಬಿ ತೊಳೆಯುತ್ತಾ, "ಇವತ್ತು ಪಲ್ಯಕ್ಕೆ ಉಪ್ಪು ಸರಿಯಾಗಿತ್ತೇನಮ್ಮಾ?" ಅಂದರು. ಯಾವ ಪಲ್ಯ ಇತ್ತು ಅನ್ನುವುದೇ ನನಗೆ ನೆನಪಾಗಲಿಲ್ಲ. ಬೆಳಿಗ್ಗೆ ಐದಕ್ಕೆ ಎದ್ದು ಅವರು ಮಾಡಿದ ಪಲ್ಯ! ಡಬ್ಬಿ ಖಾಲಿಯಾಗಿತ್ತು, ತಿಂದಿದ್ದು ನಾನೇ. ಆ ದ್ರಾಕ್ಷಿ ಯಾಕೆ ಅಂತ ಆಗ ಅರ್ಥವಾಯಿತು.

ಈ ಕ್ರಮ ಹುಟ್ಟಿದ್ದೇ ಆಸ್ಪತ್ರೆಯಲ್ಲಿ. 1979ರಲ್ಲಿ ಜಾನ್ ಕಬಟ್-ಝಿನ್ ಎಂಬುವರು ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ ಶುರು ಮಾಡಿದ್ದು. ಬಹುಕಾಲದ ನೋವಿನಿಂದ ನರಳುವ ರೋಗಿಗಳಿಗೆ ಅಂತ. ಅವರು ಝೆನ್, ವಿಪಶ್ಯನ, ಹಠಯೋಗ ಎಲ್ಲ ಅಭ್ಯಾಸ ಮಾಡಿದವರು. ಅವುಗಳಿಂದ ದೇವರು, ಮಂತ್ರ, ಧರ್ಮದ ಮಾತುಗಳನ್ನು ಬಿಟ್ಟು ಅಭ್ಯಾಸವನ್ನಷ್ಟೇ ಇಟ್ಟುಕೊಂಡು ಎಂಟು ವಾರದ ಪಾಠ ಮಾಡಿದರು. ಹಾಗಾಗಿ ನಮ್ಮ ಬ್ಯಾಚಿನಲ್ಲಿ ಚರ್ಚಿಗೆ ಹೋಗುವವರು, ನಮಾಜ್ ಮಾಡುವವರು, ಶನಿವಾರ ಉಪವಾಸ ಇರುವವರು ಯಾರಿಗೂ ಮುಜುಗರ ಆಗಲಿಲ್ಲ. "ಇದು ಪ್ರಾಣಾಯಾಮಾನೇ ಅಲ್ವಾ ಮೇಡಂ?" ಅಂತ ಲ್ಯಾಬ್ ಟೆಕ್ನಿಷಿಯನ್ ಒಬ್ಬರು ಕೇಳಿದರು. ಪ್ರಾಣಾಯಾಮದಲ್ಲಿ ಉಸಿರನ್ನು ನಾವು ನಡೆಸುತ್ತೇವೆ, ಇಲ್ಲಿ ಅದು ಹೇಗೆ ನಡೆಯುತ್ತಿದೆಯೋ ಹಾಗೇ ನೋಡುತ್ತೇವೆ ಅಷ್ಟೇ ಅಂದರು ಟೀಚರ್. ಉದ್ದದ ವಿವರಣೆಗಿಂತ ಆ ಒಂದು ಮಾತು ನಮಗೆಲ್ಲ ಸಾಕಾಯಿತು.

ಎರಡನೇ ವಾರ ಬಾಡಿ ಸ್ಕ್ಯಾನ್. ಚಾಪೆ ಮೇಲೆ ಅಂಗಾತ ಮಲಗಿ, ಕಾಲ್ಬೆರಳಿನಿಂದ ನೆತ್ತಿಯವರೆಗೆ ಒಂದೊಂದೇ ಭಾಗಕ್ಕೆ ಗಮನ ಕೊಡುತ್ತಾ ಹೋಗುವುದು. ಹದಿನೈದು ನಿಮಿಷಕ್ಕೆಲ್ಲ ಹಾಲ್ ತುಂಬಾ ಗೊರಕೆ. ನೈಟ್ ಡ್ಯೂಟಿ ಮುಗಿಸಿ ಬಂದವರನ್ನು ಮಲಗಿಸಿದರೆ ಇನ್ನೇನಾಗುತ್ತದೆ? ಟೀಚರ್ ಯಾರನ್ನೂ ಎಬ್ಬಿಸಲಿಲ್ಲ. "ಮೈ ಕೇಳಿದ್ದು ನಿದ್ದೆ, ಅದನ್ನೇ ತಗೊಂಡಿದೆ" ಅಂದರು. ನನಗೆ ಅವರ ಮೇಲೆ ನಂಬಿಕೆ ಬಂದಿದ್ದು ಅಲ್ಲೇ. ಮೂರನೇ ವಾರದಿಂದ ನಿದ್ದೆ ಕಡಿಮೆಯಾಯಿತು, ಮೈ ಕಾಣಿಸತೊಡಗಿತು. ನಾನು ದಿನವಿಡೀ ಹಲ್ಲು ಕಚ್ಚಿಕೊಂಡೇ ಇರುತ್ತೇನೆ ಅನ್ನುವುದು ಗೊತ್ತಾಯಿತು. ವರ್ಷದಿಂದ ಬೆಳಿಗ್ಗೆ ಎದ್ದ ಕೂಡಲೇ ದವಡೆ ನೋಯುತ್ತಿದ್ದುದಕ್ಕೆ ದಂತವೈದ್ಯರ ಹತ್ತಿರ ಎಕ್ಸ್‌ರೇ ತೆಗೆಸಿದ್ದೆ. ಬಲಗಾಲಿನ ಹಿಮ್ಮಡಿ ಉರಿಯುತ್ತಿದ್ದುದು ಸಹ ಮಲಗಿ ಗಮನಿಸಿದಾಗಲೇ ತಿಳಿದದ್ದು. ಹನ್ನೆರಡು ಗಂಟೆ ನಿಂತ ಕಾಲು ಅಷ್ಟು ದಿನ ಕೂಗುತ್ತಲೇ ಇದ್ದಿರಬೇಕು.

ಭಾಷೆಯದು ಒಂದು ತೊಂದರೆ ಇತ್ತು. ಮನೆಯಲ್ಲಿ ಕೇಳಲು ಕೊಟ್ಟ ಆಡಿಯೋ ಮೊದಲು ಇಂಗ್ಲಿಷಿನಲ್ಲಿತ್ತು. ನಮ್ಮ ಬ್ಯಾಚಿನಲ್ಲಿ ಇಬ್ಬರು ಹೌಸ್‌ಕೀಪಿಂಗ್ ಅಕ್ಕಂದಿರಿದ್ದರು, ವಾರ್ಡ್‌ಬಾಯ್ ಇದ್ದ, ಕೇರಳದಿಂದ ಬಂದು ಈಗಷ್ಟೇ ಕನ್ನಡ ಕಲಿಯುತ್ತಿದ್ದ ಹುಡುಗಿಯರಿದ್ದರು. ಕನ್ನಡ ಮಾಡಿ ಅಂತ ಕೇಳಿದ್ದಕ್ಕೆ ಮುಂದಿನ ವಾರ ಬಂದದ್ದು 'ದೈಹಿಕ ಸಂವೇದನೆಗಳ ಅವಲೋಕನ'. ಅದನ್ನು ಕೇಳಿ ಯಾರಿಗೆ ಕಾಲ್ಬೆರಳು ನೆನಪಾಗುತ್ತದೆ ಹೇಳಿ. ಮೈಂಡ್‌ಫುಲ್‌ನೆಸ್‌ಗೆ ಕನ್ನಡದಲ್ಲಿ ಏನನ್ನಬೇಕು ಅಂತ ಚರ್ಚೆ ನಡೆಯಿತು. ಒಬ್ಬರು ಸಾವಧಾನ ಅಂದರು, ಇನ್ನೊಬ್ಬರು ಅರಿವು ಅಂದರು. ಆಗ ಹೌಸ್‌ಕೀಪಿಂಗ್ ಅಕ್ಕ, ಅಲ್ಲಿಯವರೆಗೂ ಒಂದು ಮಾತೂ ಆಡದವರು, ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದರು. "ಸಿಸ್ಟರ್, ನಮ್ ಐಸಿಯು ಬಾಗ್ಲ ಮೇಲೆ ತೀವ್ರ ನಿಗಾ ಘಟಕ ಅಂತ ಬರ್ದವ್ರಲ್ಲ, ಆ ನಿಗಾನೇ ಅಲ್ವಾ ಇದು? ನಮ್ ಮೇಲೆ ನಾವೇ ನಿಗಾ ಇಟ್ಕೊಳ್ಳೋದು?"

ಹದಿನಾಲ್ಕು ವರ್ಷ ಆ ಬಾಗಿಲು ತಳ್ಳಿಕೊಂಡು ಓಡಾಡಿದ್ದೇನೆ. ಟೀಚರ್ ಬೋರ್ಡ್ ಮೇಲಿದ್ದುದನ್ನೆಲ್ಲ ಒರೆಸಿ 'ನಿಗಾ' ಅಂತ ಬರೆದರು. ಮುಂದಿನ ಆಡಿಯೋ "ಈಗ ಎಡಗಾಲಿನ ಹೆಬ್ಬೆರಳ ಮೇಲೆ ನಿಗಾ ಇಡಿ" ಅಂತ ಶುರುವಾಯಿತು. ಅದು ಎಲ್ಲರ ಫೋನಿನಲ್ಲೂ ಉಳಿದಿದೆ.

ಮನೆಯಲ್ಲಿ ದಿನಕ್ಕೆ 45 ನಿಮಿಷ ಅಭ್ಯಾಸ ಮಾಡಬೇಕು ಅನ್ನುವುದು ಈ ಕೋರ್ಸಿನ ಮೂಲ ನಿಯಮ. ಇದು ನಮ್ಮ ಬದುಕಿಗೆ ಹೊಂದುವುದೇ ಇಲ್ಲ. ಮನೆಗೆ ಹೋದರೆ ಮಗಳ ಹೋಂವರ್ಕ್, ಮಾವನ ಇನ್ಸುಲಿನ್, ಮಾರನೇ ದಿನದ ದೋಸೆ ಹಿಟ್ಟು. ನಾಲ್ಕನೇ ವಾರ ಎಲ್ಲರೂ ಇದನ್ನೇ ಹೇಳಿದೆವು. ಟೀಚರ್ ನಮ್ಮನ್ನು ಬೈಯಲಿಲ್ಲ. "ಡ್ಯೂಟಿಯಲ್ಲಿ ನಿಮಗೆ ಅಂತ ಇರೋ ಸಮಯ ಯಾವುದು, ನೀವೇ ಹುಡುಕಿ" ಅಂದರು. ಇಲ್ಲವೇ ಇಲ್ಲ ಅಂದೆವು. ಡಯಾಲಿಸಿಸ್ ವಿಭಾಗದ ಚೇಚಿಯೊಬ್ಬರು (ಕೇರಳದ ಅಕ್ಕ) ಮಾತ್ರ, "ಹ್ಯಾಂಡ್ ರಬ್ ಮಾಡುವಾಗ ನಮ್ಮನ್ನು ಯಾರೂ ಕರೆಯಲ್ಲ" ಅಂದರು.

ನಿಜ. ಪ್ರತಿ ಬೆಡ್ಡಿನ ಹತ್ತಿರ ಹ್ಯಾಂಡ್ ರಬ್, ಅಂದರೆ ಕೈ ಶುದ್ಧ ಮಾಡಿಕೊಳ್ಳುವ ಸ್ಪಿರಿಟ್ ದ್ರವದ ಬಾಟಲಿ ಇದೆ, ಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಚಿತ್ರಪಟ. ಅಂಗೈಗೆ ಅಂಗೈ, ಬೆರಳ ಸಂದು, ಹೆಬ್ಬೆರಳು, ಬೆರಳ ತುದಿ. 20ರಿಂದ 30 ಸೆಕೆಂಡ್ ಉಜ್ಜಬೇಕು. ರೋಗಿಯನ್ನು ಮುಟ್ಟುವ ಮುಂಚೆ, ಮುಟ್ಟಿದ ಮೇಲೆ, ಅವರ ಮಂಚ, ಮಾನಿಟರ್ ಮುಟ್ಟಿದ ಮೇಲೂ ಮಾಡಲೇಬೇಕು. ನಾನು ಮೊದಲು ಐದು ಸೆಕೆಂಡಿಗೆ ಮುಗಿಸಿ ಓಡುತ್ತಿದ್ದೆ. ಈಗ ಆ ದ್ರವ ಅಂಗೈಗೆ ಬಿದ್ದಾಗಿನ ತಂಪು, ಆ ಸ್ಪಿರಿಟ್ ವಾಸನೆ, ಬೆರಳ ಸಂದಿಯಲ್ಲಿ ಒಡೆದ ಚರ್ಮ ಚುರುಕ್ ಅನ್ನುವುದು, ಆಮೇಲೆ ಕೈ ಒಣಗುವುದು, ಅಷ್ಟೂ ಹೊತ್ತು ಅಲ್ಲೇ ಇರುತ್ತೇನೆ. ಎರಡು ಉಸಿರು ನೋಡುತ್ತೇನೆ. ಒಂದು ದಿನ ಎಣಿಸಿದೆ, ಒಂದೇ ಶಿಫ್ಟಿನಲ್ಲಿ 63 ಸಲ. ತಲಾ 20 ಸೆಕೆಂಡ್ ಅಂದರೂ 21 ನಿಮಿಷ! ಎಲ್ಲಿಂದಲೂ ತಂದದ್ದಲ್ಲ, ಡ್ಯೂಟಿಯ ಒಳಗೇ ಇದ್ದದ್ದು. ಕೈಯೂ ಸರಿಯಾಗಿ ಶುದ್ಧವಾಗುತ್ತದೆ. ಇಡೀ ಕೋರ್ಸಿನಲ್ಲಿ ನನ್ನ ಜೊತೆ ಗಟ್ಟಿಯಾಗಿ ಉಳಿದದ್ದು ಇದು. ಹೇಳಿಕೊಟ್ಟದ್ದು ನಮ್ಮಲ್ಲೇ ಒಬ್ಬರು ಅನ್ನುವುದು ನನಗೆ ಹೆಮ್ಮೆ.

ಇದರಿಂದ ಏನು ಬದಲಾಯಿತು? ಒಂದು ರಾತ್ರಿಯ ವಿಷಯ ಹೇಳುತ್ತೇನೆ. ಬೆಳಗಿನ ಜಾವ ನಾಲ್ಕರ ಹೊತ್ತಿಗೆ ರೋಗಿಯ ಮಗ ಬಾಗಿಲು ತಳ್ಳಿಕೊಂಡು ಒಳಗೇ ಬಂದರು. "ಏನ್ರೀ ಮಾಡ್ತಿದ್ದೀರಾ ಎಲ್ರೂ? ಬೆಳಿಗ್ಗೆಯಿಂದ ಬರೀ ಬಿಲ್ ಕೊಡ್ತಿದ್ದೀರಾ, ಅಪ್ಪ ಹೇಗಿದಾರೆ ಅಂತ ಹೇಳೋರು ಒಬ್ರಿಲ್ಲ!" ನನ್ನ ಕಿವಿ ಬಿಸಿಯಾಯಿತು. ಕಿವಿ ಬಿಸಿಯಾಗುತ್ತಿದೆ ಅನ್ನುವುದೂ ಗೊತ್ತಾಯಿತು, ಹೊಸದೆಂದರೆ ಅದೇ. ಅಂಗಾಲು ನೆಲದ ಮೇಲಿದೆ ಅಂತ ನೋಡಿಕೊಂಡೆ. ಆ ಒಂದು ಗಳಿಗೆಯಲ್ಲಿ ಅವರ ಕೈ ಕಂಡಿತು. ಫಾರ್ಮಸಿ ಬಿಲ್ ಬೆವರಿಗೆ ಒದ್ದೆಯಾಗಿ ಮುದ್ದೆಯಾಗಿತ್ತು, ಅದನ್ನು ಇನ್ನೂ ಹಿಂಡುತ್ತಲೇ ಇದ್ದರು. ಮೂರು ರಾತ್ರಿಯಿಂದ ಹೊರಗಿನ ಕುರ್ಚಿಯಲ್ಲೇ ಇದ್ದವರು. "ಅಣ್ಣ, ತಪ್ಪಾಯ್ತು, ಸಂಜೆನೇ ಹೇಳ್ಬೇಕಿತ್ತು. ಬನ್ನಿ, ಅಪ್ಪನ ಹತ್ರ ನಿಂತ್ಕೊಳ್ಳಿ, ಡಾಕ್ಟರ್‌ನ ಕರೀತೀನಿ" ಅಂದೆ. ಅವರು ಕೂಡಲೇ ತಣ್ಣಗಾದರು ಅಂತಲ್ಲ. ಇನ್ನೂ ಸ್ವಲ್ಪ ಹೊತ್ತು ಕೂಗಾಡಿದರು. ಆದರೆ ಬೆಳಿಗ್ಗೆ ಆ ಕೂಗನ್ನು ಹೊತ್ತುಕೊಂಡು ನಾನು ಮನೆಗೆ ಹೋಗಲಿಲ್ಲ. ಮಗಳ ಜಡೆ ಹಾಕುವಾಗ ಅವಳ ತಲೆ ಎಳೆದಾಡಲಿಲ್ಲ.

ಆರನೇ ವಾರ ಕಲಿತದ್ದನ್ನು ಎಲ್ಲ ಐಸಿಯುನವರೂ ಕಲಿಯಬೇಕು ಅಂತ ನನ್ನ ಆಸೆ. ವರ್ಜೀನಿಯಾ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಜೊನಾಥನ್ ಬಾರ್ಟೆಲ್ಸ್ ಎಂಬ ನರ್ಸ್ ಶುರು ಮಾಡಿದ ಪದ್ಧತಿ ಅದು. 'ದಿ ಪಾಜ್' (The Pause) ಅನ್ನುತ್ತಾರೆ, ಒಂದು ಗಳಿಗೆ ನಿಲ್ಲುವುದು ಅಂತ. ರೋಗಿ ತೀರಿಕೊಂಡ ಮೇಲೆ ಅಲ್ಲಿರುವವರೆಲ್ಲ ಒಂದು ನಿಮಿಷದಷ್ಟು ಸುಮ್ಮನೆ ನಿಲ್ಲುವುದು. ನಮ್ಮಲ್ಲಿ ಸಾವು ಹೇಗೆ ಮುಗಿಯುತ್ತದೆ ಅಂತ ಈ ಕೆಲಸದಲ್ಲಿರುವವರಿಗೆ ಗೊತ್ತು. ಟೈಮ್ ಬರೆದುಕೊಳ್ಳುತ್ತೇವೆ, ಮೈಗೆ ಹಾಕಿದ ಲೈನ್, ನಳಿಕೆ ತೆಗೆಯುತ್ತೇವೆ, ದೇಹ ಪ್ಯಾಕ್ ಮಾಡುತ್ತೇವೆ. ಅಷ್ಟರಲ್ಲಿ ಕ್ಯಾಶುವಾಲ್ಟಿಯಿಂದ "ಬೆಡ್ ರೆಡಿನಾ?" ಅಂತ ಫೋನ್. ಕಲಿತ ಆರು ದಿನಕ್ಕೇ ನಮ್ಮಲ್ಲಿ ಒಬ್ಬ ಹೆಂಗಸು ಹೋದರು. ನಲವತ್ತು ನಿಮಿಷ ಸಿಪಿಆರ್ ಕೊಟ್ಟಿದ್ದೆವು. ಡ್ಯೂಟಿ ಡಾಕ್ಟರಿಗೆ ಕೇಳಿದೆ, ಒಪ್ಪಿದರು. ಮಾನಿಟರ್ ಸದ್ದು ಆರಿಸಿದೆವು. ಏನು ಹೇಳಬೇಕೆಂದು ಮೊದಲೇ ಬರೆದಿಟ್ಟುಕೊಂಡಿರಲಿಲ್ಲ. "ಇವರು ಒಂದು ಮನೆಯ ಅಮ್ಮ. ನಾವೆಲ್ಲ ಕೈಲಾದ್ದು ಮಾಡಿದ್ವಿ. ಒಂದು ನಿಮಿಷ ಇವರ ಜೊತೆ ನಿಲ್ಲೋಣ" ಅಂದೆ. ವಾರ್ಡ್‌ಬಾಯ್ ಕೈ ಕಟ್ಟಿ ನಿಂತ. ಎದೆ ಒತ್ತಿ ಒತ್ತಿ ಸುಸ್ತಾಗಿದ್ದ ಹುಡುಗ ಡಾಕ್ಟರ ಉಸಿರು ಕೇಳುತ್ತಿತ್ತು. ನನ್ನ ಕಣ್ಣು ನೆಲಕ್ಕೆ ಹೋಯಿತು. ಮಂಚದ ಗಾಲಿಯ ಪಕ್ಕ ಹಸಿರು ಗಾಜಿನ ಬಳೆ ಚೂರು ಮೂರು ಬಿದ್ದಿದ್ದವು. ಸಿಪಿಆರ್ ಗಡಿಬಿಡಿಯಲ್ಲಿ ಒಡೆದದ್ದು. ನಿಮಿಷ ಮುಗಿದ ಮೇಲೆ ಅವನ್ನು ಹುಷಾರಾಗಿ ಆಯ್ದು, ಉಳಿದ ಬಳೆಗಳ ಜೊತೆ ಕವರಿನಲ್ಲಿ ಹಾಕಿ ಮಗಳ ಕೈಗೆ ಕೊಟ್ಟೆ. ಬೇರೆ ದಿನವಾಗಿದ್ದರೆ ಆ ಚೂರು ಕಸದ ಜೊತೆ ಗುಡಿಸಿ ಹೋಗಿರುತ್ತಿತ್ತು.

ಇನ್ನು ದೂರುಗಳು. ಇದನ್ನು ಮುಚ್ಚಿಟ್ಟು ಬರೀ ಹೊಗಳಿದರೆ ನಿಮಗೆ ಮೋಸ ಮಾಡಿದ ಹಾಗೆ.

ಮುಖ್ಯವಾಗಿ ಸಮಯ. ಬೆಳಗಿನ ಶಿಫ್ಟ್ ಎರಡಕ್ಕೆ ಮುಗಿಸಿದವರು ಐದರವರೆಗೆ ಉಳಿಯಬೇಕು, ರಾತ್ರಿ ಪಾಳಿಯವರು ನಿದ್ದೆ ಬಿಟ್ಟು ಬರಬೇಕು. ಏಳನೇ ವಾರದ ಇಡೀ ದಿನದ ಮೌನದ ಕ್ಲಾಸು ಭಾನುವಾರ ಇಟ್ಟರು, ಅದಕ್ಕೆ ಸಿ-ಆಫ್ (ಬದಲಿ ರಜೆ) ಕೊಡಲಿಲ್ಲ. ಶುರುವಿನಲ್ಲಿ 22 ಜನ ಇದ್ದೆವು, ಮುಗಿಸಿದ್ದು 13. ಬಿಟ್ಟವರಿಗೆ ಮನಸ್ಸಿರಲಿಲ್ಲ ಅಂತಲ್ಲ, ಮನೆಯಲ್ಲಿ ಚಿಕ್ಕ ಮಕ್ಕಳಿದ್ದವರೇ ಜಾಸ್ತಿ. ನಿಜವಾಗಿ ಬೇಕಾಗಿದ್ದದ್ದು ಅವರಿಗೇ. ಹೌಸ್‌ಕೀಪಿಂಗ್ ಅಕ್ಕಂದಿರನ್ನು ಗುತ್ತಿಗೆಯವರು ಅಂತ ಮೊದಲು ಪಟ್ಟಿಯಲ್ಲೇ ಸೇರಿಸಿರಲಿಲ್ಲ. ಅದೇ ಹೆಣ, ಅದೇ ರಕ್ತ, ಅದೇ ಅಳು ಅವರೂ ನೋಡುತ್ತಾರೆ. ಇನ್‌ಚಾರ್ಜ್ ಸಿಸ್ಟರ್ ಹೋಗಿ ಕೇಳಿದ ಮೇಲೆ ಇಬ್ಬರಿಗೆ ಒಪ್ಪಿಗೆ ಸಿಕ್ಕಿತು. ಕೊನೆಯಲ್ಲಿ ತುಂಬಿಸಿಕೊಂಡ ಫಾರಂನಲ್ಲಿ ಹೆಸರು, ಎಂಪ್ಲಾಯಿ ನಂಬರ್ ಬರೆಯಬೇಕಿತ್ತು. ಹಾಗೆ ಕೇಳಿದರೆ 'ನನಗೆ ಕೆಲಸ ಸಾಕಾಗಿದೆ' ಅಂತ ಯಾರು ಬರೆಯುತ್ತಾರೆ?

ಕೋರ್ಸಿನವರ ಕಡೆಯಿಂದಲೂ ಒಂದು ದೊಡ್ಡ ತಪ್ಪಾಯಿತು. ನಮ್ಮ ಜೊತೆಯ ಒಬ್ಬಳು ಸ್ವಲ್ಪ ದಿನದ ಹಿಂದೆ ತಮ್ಮನನ್ನು ಕಳೆದುಕೊಂಡಿದ್ದಳು. ಕಣ್ಣು ಮುಚ್ಚಿ ಮಲಗಿದ ಕೂಡಲೇ ಅವಳಿಗೆ ಎದೆ ಹೊಡೆದುಕೊಳ್ಳಲು ಶುರುವಾಗಿ, ಉಸಿರು ಕಟ್ಟಿ, ಎದ್ದು ಓಡಿದಳು. ಟೀಚರ್ ಹಿಂದೆಯೇ ಹೋಗಿ ಜೊತೆಯಲ್ಲಿ ಕೂತರು, ಸೈಕಿಯಾಟ್ರಿ ಓಪಿಡಿಗೆ ತಾವೇ ಕರೆದುಕೊಂಡು ಹೋದರು. ಅದು ಸರಿ. ಆದರೆ ಸೇರಿಸಿಕೊಳ್ಳುವ ಮುಂಚೆಯೇ ಒಬ್ಬೊಬ್ಬರನ್ನೂ ಕೂರಿಸಿ, ಈಚೆಗೆ ಸಾವುನೋವು ಆಗಿದೆಯಾ, ಮಾತ್ರೆ ತೆಗೆದುಕೊಳ್ಳುತ್ತಿದ್ದೀರಾ ಅಂತ ಕೇಳಬೇಕಿತ್ತು. ಸುಮ್ಮನೆ ಕೂರುವುದು ಎಲ್ಲರಿಗೂ ಎಲ್ಲ ಕಾಲದಲ್ಲೂ ಹಿತವಲ್ಲ. ನಿಮ್ಮಲ್ಲಿ ಯಾರಾದರೂ ಆ ಸ್ಥಿತಿಯಲ್ಲಿದ್ದರೆ ಕೋರ್ಸಿಗೆ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ಗೆ 14416 ಒತ್ತಿ. ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. 2022ರ ಅಕ್ಟೋಬರ್ 10ರಂದು ಶುರುವಾದದ್ದು, ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಅದಕ್ಕೆ ಮುಖ್ಯ ಕೇಂದ್ರ. ಆ ಗೆಳತಿಗೆ ರಾತ್ರಿ ಎರಡು ಗಂಟೆಗೆ ಆಸರೆಯಾದದ್ದು ಆ ನಂಬರೇ.

ಎಲ್ಲಕ್ಕಿಂತ ನೋವಿನ ಮಾತು ಜನರ ಕೊರತೆ. ಐಸಿಯುನಲ್ಲಿ ಪ್ರತಿ ಪಾಳಿಗೂ ಒಬ್ಬ ರೋಗಿಗೆ ಒಬ್ಬ ನರ್ಸ್ ಅನ್ನುವುದು ಭಾರತೀಯ ನರ್ಸಿಂಗ್ ಕೌನ್ಸಿಲ್‌ನ ಲೆಕ್ಕ. ರಾತ್ರಿ ಹೊತ್ತು ನಾನು ಮೂವರನ್ನು ನೋಡಿಕೊಂಡದ್ದಿದೆ, ಅದರಲ್ಲಿ ಇಬ್ಬರು ವೆಂಟಿಲೇಟರ್ ಮೇಲೆ. ಯಾವ ಉಸಿರು ನೋಡಿದರೂ ನನಗೆ ಇನ್ನೆರಡು ಕೈ ಹುಟ್ಟುವುದಿಲ್ಲ. ಇದನ್ನು ಟೀಚರ್‌ಗೆ ನೇರವಾಗಿಯೇ ಕೇಳಿದೆ. ಅವರು ಸುತ್ತಿ ಬಳಸಿ ಮಾತಾಡಲಿಲ್ಲ. "ಇದು ರಜೆಗೆ ಬದಲಿ ಅಲ್ಲ, ಸ್ಟಾಫಿಗೆ ಬದಲಿ ಅಲ್ಲ. ಹಾಗಂತ ನಿಮ್ಮ ಮ್ಯಾನೇಜ್‌ಮೆಂಟ್‌ಗೂ ಬರೆದುಕೊಟ್ಟಿದ್ದೇನೆ" ಅಂದರು. ಅವತ್ತೇ ಇನ್ನೊಂದು ವಿಷಯ ಹೇಳಿದರು. ಅಮೆರಿಕದ ರೋಚೆಸ್ಟರ್‌ನಲ್ಲಿ 70 ಜನ ಡಾಕ್ಟರುಗಳಿಗೆ ಇಂಥದ್ದೇ ತರಬೇತಿ ಕೊಟ್ಟು 2009ರಲ್ಲಿ ವರದಿ ಮಾಡಿದ್ದರು. ಬರ್ನ್‌ಔಟ್ ಕಡಿಮೆಯಾಗಿತ್ತು, ರೋಗಿಗಳ ಬಗ್ಗೆ ಮರುಕ ಹೆಚ್ಚಿತ್ತು. ಆದರೆ ಹೋಲಿಸಿ ನೋಡಲು ತರಬೇತಿ ಇಲ್ಲದ ಇನ್ನೊಂದು ಗುಂಪು ಇರಲಿಲ್ಲ, ಅದನ್ನೂ ಮರೆಯಬೇಡಿ ಅಂದರು. ಆ ಡಾಕ್ಟರುಗಳಿಗೆ ಎಂಟು ವಾರ ಆದ ಮೇಲೂ ಹತ್ತು ತಿಂಗಳು, ತಿಂಗಳಿಗೊಂದು ಕ್ಲಾಸ್ ಇತ್ತಂತೆ. ನಮಗೆ ಎಂಟನೇ ವಾರ ಸರ್ಟಿಫಿಕೇಟ್ ಕೊಟ್ಟು ಫೋಟೋ ತೆಗೆದು ಮುಗಿಸಿದರು.

ಕಲಿಸಿದವರಿಗೆ ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಅರ್ಧ ಕಳೆದದ್ದು ಆ ಗೆಳತಿಯ ಕಾರಣಕ್ಕೆ. ಏರ್ಪಾಡಿಗೆ ಎರಡು. ನಿಮ್ಮ ಆಸ್ಪತ್ರೆಗೆ ತರಿಸುವುದಾದರೆ ಡ್ಯೂಟಿ ಟೈಮ್‌ನಲ್ಲೇ ಇಡುತ್ತಾರಾ, ಕನ್ನಡದಲ್ಲಿ ಇದೆಯಾ, ಮುಗಿದ ಮೇಲೆ ಏನು ಅಂತ ಸಹಿ ಹಾಕುವ ಮುಂಚೆಯೇ ಕೇಳಿ.

ನಾವು 13 ಜನ ಈಗಲೂ ತಿಂಗಳ ಮೊದಲ ಬುಧವಾರ ಅದೇ ಹಾಲ್‌ನಲ್ಲಿ ಅರ್ಧ ಗಂಟೆ ಕೂರುತ್ತೇವೆ. ನಮ್ಮ ಗೆಳತಿ ಕೂಡ ಎರಡು ತಿಂಗಳಿಂದ ಬರುತ್ತಿದ್ದಾಳೆ, ಕಣ್ಣು ತೆರೆದುಕೊಂಡೇ ಕೂರುತ್ತಾಳೆ. ಫಾರಂ ವಿಷಯ, ಸಿ-ಆಫ್ ವಿಷಯ ಎಲ್ಲ ಸೇರಿಸಿ ನರ್ಸಿಂಗ್ ಸೂಪರಿಂಟೆಂಡೆಂಟ್ ಮೇಡಂಗೆ ಪತ್ರ ಕೊಟ್ಟಿದ್ದೆವು. ಮುಂದಿನ ಬ್ಯಾಚ್ ಡ್ಯೂಟಿ ಸಮಯದಲ್ಲೇ, ಎರಡು ಗುಂಪು ಮಾಡಿ ಅಂತ ಹೋದ ವಾರ ನೋಟೀಸ್ ಬಂತು. ನೋಟೀಸ್ ಬೋರ್ಡ್ ಪಕ್ಕ ಹೆಸರು ಬರೆಯುವ ಹಾಳೆ ನೇತುಹಾಕಿದ್ದಾರೆ. ನಿನ್ನೆ ನೋಡಿದೆ, ಹೌಸ್‌ಕೀಪಿಂಗ್ ಅಕ್ಕ ತಮ್ಮ ಜೊತೆಯ ಐದು ಜನರ ಹೆಸರು ಬರೆಸಿದ್ದಾರೆ.